ನಲವತ್ತೊಂದು ಟೇಬಲ್‌ಗಳ ಪಟ್ಟಿ

ಬುಧವಾರ, ಮಧ್ಯಾಹ್ನ
ರಕ್ತನಿಧಿ, ಹಿಂದಿನ ಕೋಣೆ

ರೀ,

ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಗಿರುತ್ತದೆ. ಹರಿದು ಹಾಕಬೇಡಿ. ನನ್ನ ಫೋನ್ ನೀವು ಎತ್ತುವುದಿಲ್ಲ, ಅದಕ್ಕೇ ನಿಮ್ಮ ಅಕ್ಕನ ಕೈಕಾಲು ಹಿಡಿದು ಈ ಕಾಗದ ಕಳಿಸುತ್ತಿದ್ದೇನೆ. ನಾನು ಇದ್ದೇನೋ ಸತ್ತೆನೋ ನಿಮಗೆ ಬೇಡ, ಒಪ್ಪಿದೆ. ಇದು ಪುಟ್ಟಿಯ ವಿಷಯ.

ಶುಕ್ರವಾರ ಬೆಳಿಗ್ಗೆ ನಮ್ಮ ಮಗಳಿಗೆ ಹೆರಿಗೆಯ ಆಪರೇಷನ್. ಮಗು ಅಡ್ಡ ಮಲಗಿದೆ, ಮಾಸು ಕೆಳಗೆ ಕೂತಿದೆ, ರಕ್ತ ತುಂಬಾ ಹೋಗುತ್ತದೆ ಎಂದಿದ್ದಾರೆ ಡಾಕ್ಟರು. ಅವಳ ರಕ್ತ ಎಂಥ ಅಪರೂಪದ್ದೆಂದು ನಿಮಗೆ ನಾನು ಹೇಳಬೇಕೇ? ನಾಲ್ಕು ಬಾಟಲಿಯಾದರೂ ಕೈಯಲ್ಲಿರದೆ ಕತ್ತರಿ ಮುಟ್ಟುವುದಿಲ್ಲ ಎನ್ನುತ್ತಾರೆ. ತಡಮಾಡಿದರೆ ಇಬ್ಬರಿಗೂ ಅಪಾಯ ಎಂದೂ ಅವರೇ ಎನ್ನುತ್ತಾರೆ. ಸುತ್ತಲಿನ ಊರುಗಳ ರಕ್ತನಿಧಿಗಳಿಗೆಲ್ಲ ಫೋನ್ ಮಾಡಿ ನನ್ನ ಬಾಯಿ ಒಣಗಿತು. ಎಲ್ಲೂ ಇಲ್ಲ.

ಆ ಗುಂಪಿನ ದಾನಿಗಳ ಹೆಸರು ಇರುವುದು ಇಲ್ಲಿನ ಡೇಟಾಬೇಸ್ ನೋಡಿಕೊಳ್ಳುತ್ತಿದ್ದಾಗ ನೀವು ಮಾಡಿಟ್ಟ ಆ ಒಂದು ಟೇಬಲ್‌ನಲ್ಲಿ ಮಾತ್ರ. ಡೇಟಾಬೇಸಿನಲ್ಲಿ ಟೇಬಲ್ ಎಂದರೆ ಒಂದೊಂದು ರಿಜಿಸ್ಟರ್ ಇದ್ದ ಹಾಗೆ ಎಂದು ನನಗೆ ಕಲಿಸಿದವರೇ ನೀವು. ಉಳಿದದ್ದನ್ನೆಲ್ಲ ಎಲ್ಲರಿಗೂ ತೆರೆದಿಟ್ಟು, ಅದೊಂದನ್ನು ನಿಮ್ಮ ಲಾಗಿನ್‌ಗೆ ಮಾತ್ರ ಇಟ್ಟುಕೊಂಡಿರಿ. ಕಂಡಕಂಡವರೆಲ್ಲ ಆ ದಾನಿಗಳಿಗೆ ಫೋನ್ ಮಾಡಿ ಪ್ರಾಣ ತಿನ್ನುತ್ತಾರೆ ಎಂದು. ನನಗೆ ಹೇಳಿರಲೂಬಹುದು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೇಕಾದಾಗ ನನ್ನ ಮೇಜಿನಿಂದಲೇ ಕೂಗುತ್ತಿದ್ದೆ, ನೀವು ಅಲ್ಲಿಂದ ಹೆಸರು, ನಂಬರು ಕೂಗುತ್ತಿದ್ದಿರಿ, ನಾನು ಫೋನ್ ಹಚ್ಚುತ್ತಿದ್ದೆ. ಹನ್ನೊಂದು ವರ್ಷ ಹಾಗೇ ನಡೆಯಿತು, ಒಂದು ನಂಬರನ್ನೂ ನಾನು ಬರೆದಿಟ್ಟುಕೊಳ್ಳಲಿಲ್ಲ.

ಆಮೇಲೆ ಶುರುವಾಯಿತಲ್ಲ ನನ್ನ ಜಾಣತನ. ಎಲ್ಲದರ ನಕಲು ತೆಗೆದಿಡೋಣವೆಂದು ಒಂದು ಪ್ರೋಗ್ರಾಂ ಬರೆದೆ. ನಿನ್ನಲ್ಲಿರುವ ಟೇಬಲ್‌ಗಳ ಹೆಸರೆಲ್ಲ ಹೇಳು ಎಂದು ಅದು ಡೇಟಾಬೇಸನ್ನು ಕೇಳಿತು. ನಲವತ್ತೊಂದು ಹೆಸರು ಬಂತು. ನಿಮ್ಮದು ಇಲ್ಲ. ಆ ವಾರ ನಮ್ಮಿಬ್ಬರ ಮಾತುಕತೆ ನಿಂತಿತ್ತು, ನನಗೆ ಮೈಯೆಲ್ಲ ಉರಿಯುತ್ತಿತ್ತು. ನಿಮ್ಮನ್ನು ಒಂದು ಮಾತು ಕೇಳದೆ ಪಟ್ಟಿಯ ಪ್ರಿಂಟ್ ತೆಗೆದು ಮೇಲ್ವಿಚಾರಕರ ಮೇಜಿನ ಮೇಲೆ ಹಾಕಿದೆ. ನನ್ನ ಮೇಲಿನ ಸಿಟ್ಟಿಗೆ ಅಳಿಸಿ ಹಾಕಿದ್ದಾರೆ ಎಂದೆ. ಎಲ್ಲರೆದುರು ಎಂದೆ. ನೀವು ಒಂದೇ ಮಾತು ಹೇಳಿದಿರಿ: “ಪಟ್ಟೀಲಿ ಇಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತ ಅಲ್ಲ ಕಣೇ.” ಹಾಗಾದರೆ ತೆರೆದು ತೋರಿಸಿ ಎಂದರು ಅವರು. ಕಳ್ಳನ ಹಾಗೆ ನಿಲ್ಲಿಸಿ ಕೇಳಿದರೆ ತೋರಿಸುವುದಿಲ್ಲ ಎಂದು ನೀವು ಕೀ ಗೊಂಚಲು ಇಟ್ಟು ಹೊರಟೇಬಿಟ್ಟಿರಿ. ಕೆಲಸದಿಂದಲೂ, ಮನೆಯಿಂದಲೂ. ನಿಮ್ಮ ಹಟವೂ ಸಾಮಾನ್ಯದ್ದಲ್ಲ ಬಿಡಿ, ಆದರೆ ಕಡ್ಡಿ ಗೀರಿದವಳು ನಾನು.

ನಿಮ್ಮ ಜಾಗಕ್ಕೆ ಬಂದಿರುವ ಹುಡುಗಿ ನಿನ್ನೆ ಹೇಳಿದಳು. ಕೇಳುವ ಲಾಗಿನ್‌ಗೆ ಯಾವುದನ್ನು ನೋಡುವ ಅನುಮತಿ ಇದೆಯೋ ಅಷ್ಟರ ಹೆಸರನ್ನು ಮಾತ್ರ ಡೇಟಾಬೇಸ್ ಹೇಳುತ್ತದಂತೆ. ಮಿಕ್ಕದ್ದು ಇದ್ದರೂ ಬಾಯಿ ಬಿಡುವುದಿಲ್ಲವಂತೆ. ನೀವು ಏನನ್ನೂ ಅಳಿಸಿರಲಿಲ್ಲ. ನಿಮ್ಮ ಪಾಸ್‌ವರ್ಡ್ ಇಲ್ಲದೆ ಸರ್ವರ್ ಬಿಚ್ಚಿ ಹುಡುಕಲು ನಾಲ್ಕೈದು ದಿನ ಬೇಕಂತೆ. ನಮಗಿರುವುದು ಒಂದೂವರೆ ದಿನ.

ತಪ್ಪಾಯಿತು ರೀ. ಇವತ್ತು ಬೆಳಿಗ್ಗೆ ಮೇಲ್ವಿಚಾರಕರಿಗೆ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ. ನನ್ನ ಕೆಲಸ ಹೋದರೆ ಹೋಗಲಿ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅಕ್ಕನ ಕೈಗೆ ಕೊಡಿ. ದೊಡ್ಡಕ್ಷರ ಯಾವುದು ಚಿಕ್ಕದು ಯಾವುದು ಗೊತ್ತಾಗುವ ಹಾಗೆ ಬರೆಯಿರಿ. ನಿಮ್ಮದು ಕಾಗೆ ಕಾಲು ಗುಬ್ಬಿ ಕಾಲು. ಇಲ್ಲವೇ ನೀವೇ ಬಂದು ಕೂತು ತೆರೆಯಿರಿ, ನಾನು ಆ ಕೋಣೆಯಲ್ಲಿ ಇರುವುದಿಲ್ಲ. ಪುಟ್ಟಿ ವಾರ್ಡಿನಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಅಪ್ಪ ಬರುತ್ತಾರಾ ಎಂದು ಕೇಳಿದಳು, ಬರುತ್ತಾರೆ ಎಂದುಬಿಟ್ಟೆ.

ನಿಮ್ಮ ಹೆಂಡತಿ ಎಂದು ಬರೆಯಲು ಕೈ ಬಾರದ,
ಪುಟ್ಟಿಯ ಅಮ್ಮ

ತಾ.ಕ.: ಅಕ್ಕ ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹುಡುಗಿ ಆ ಮಾತು ಹೇಳಿದ್ದು ನಿನ್ನೆಯಲ್ಲ, ಕೆಲಸಕ್ಕೆ ಸೇರಿದ ವಾರವೇ, ಏಳು ತಿಂಗಳ ಹಿಂದೆ. ಪುಟ್ಟಿ ಬಸುರಿ ಎಂದು ಗೊತ್ತಾಗಿದ್ದೂ ಅದೇ ತಿಂಗಳು. ನಿಮ್ಮ ಮುಂದೆ ತಲೆ ತಗ್ಗಿಸಬೇಕಲ್ಲ ಎಂದು ಆ ಹುಡುಗಿಯ ಬಾಯಿ ಮುಚ್ಚಿಸಿ ನಾನೂ ಸುಮ್ಮನಿದ್ದೆ. ಪುಟ್ಟಿಗೆ ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ, ನೀವೇ ಹೇಳಿ. ಆದರೆ ಶುಕ್ರವಾರ ಕಳೆದ ಮೇಲೆ.