ಬೆಲ್ಟ್ ಇಲ್ಲದ ರೈಟರ್

ಜನವರಿ 6, ಸೋಮವಾರ
ಹಣ್ಣು ಕುಯ್ಲು ಇನ್ನೂ ಮುಗಿದಿಲ್ಲ. ಕಣದಲ್ಲಿ ಹರವಿದ ಕಾಫಿಗೆ ಎರಡು ಸಲ ಕೈಯಾಡಿಸಿದ್ದಾಯಿತು. ರೈಟರ್ ಮಧ್ಯಾಹ್ನದಿಂದ ಕಾಣುತ್ತಿಲ್ಲ. ನಮ್ಮ ನಾಯಿ. ಕೆಲಸದ ಲೆಕ್ಕ ಬರೆಯುವ ತೋಟದ ರೈಟರ್ ಹಾಗೆ, ಕುಯ್ಯುವ ಹೆಂಗಸರ ಹಿಂದೆ ಸಾಲುಸಾಲು ಸುತ್ತಿ ತನಿಖೆ ಮಾಡುತ್ತಾನೆಂದು ಅವರೇ ಇಟ್ಟ ಹೆಸರು. ಬರಲಿ, ಬೆನ್ನಿಗೆ ಎರಡು ಬಿಡುತ್ತೇನೆ.

ಜನವರಿ 8
ಸುದ್ದಿ ಸಿಕ್ಕಿತು. ಆನೇಮಹಲ್ ಹತ್ತಿರ ಹೈವೇಗೆ ಹೋಗಿದ್ದನಂತೆ. ಹಾಸನ ರಸ್ತೆಯ ನಾಯಿ ಶೆಲ್ಟರ್‌ನವರು ವ್ಯಾನಿಗೆ ಹಾಕಿಕೊಂಡು ಹೋದರಂತೆ. ಕತ್ತಿನಲ್ಲಿ ಬೆಲ್ಟ್ ಇಲ್ಲ, ಹಾಗಾಗಿ ಬೀದಿನಾಯಿ!
ಬೆಲ್ಟ್ ಬಿಚ್ಚಿದವಳು ನಾನೇ. ಕುಯ್ಲಿನಲ್ಲಿ ಎಲ್ಲರೂ ಬಿಚ್ಚುತ್ತಾರೆ... ಕಾಫಿ ಕೊಂಬೆಗೆ ಸಿಕ್ಕಿಕೊಂಡರೆ ಕತ್ತು ಬಿಗಿಯುತ್ತದೆ.
ಯಜಮಾನರು, “ಹೋಗ್ಲಿ ಬಿಡೇ ಸುಮನಾ, ಬ್ಯಾರೆ ಮರಿ ತರಣ” ಅಂದರು. ಬಾಯಿಗೆ ಬಂದಿದ್ದು ಅಂದೆ. ಊಟಕ್ಕೆ ಬಡಿಸಲಿಲ್ಲ.

ಜನವರಿ 9
ಶೆಲ್ಟರ್‌ಗೆ ಹೋದೆ. ಜಾಲರಿ ಹಿಂದೆ ರೈಟರ್. ನನ್ನನ್ನು ಕಂಡು ಕುಣಿದ. ಇನ್‌ಚಾರ್ಜ್ ಕೃತಿಕಾ, ಚಿಕ್ಕ ಹುಡುಗಿ, ನಗಲೇ ಇಲ್ಲ.
“ಯಾರು ಬಂದ್ರೂ ಹೀಗೇ ಕುಣೀತಾನೆ ಆಂಟಿ. ಓನರ್ ಆದ್ರೆ ವಾಪಸ್ ತಗೊಳೋದು ನಿಮ್ಮ ಹಕ್ಕು, ನಾನು ಕೊಡಲೇಬೇಕು. ಆದ್ರೆ ಪ್ರೂಫ್ ಬೇಕು. ಭಾನುವಾರ ಮಂಗಳೂರಿನವರು ಅಡಾಪ್ಟ್ ಮಾಡ್ಕೋತಿದಾರೆ.”
ಫೋಟೋ ತೋರಿಸಿದೆ.
“ಕಂದು ನಾಯಿ ಎಲ್ಲಾ ಒಂದೇ ಥರ ಇರ್ತಾವೆ. ಹೋದ ಸಲ ಒಬ್ರು ಹಿಂಗೇ ಫೋಟೋ ತೋರ್ಸಿ ಬೇರೆಯವರ ನಾಯಿ ಒಯ್ದುಬಿಟ್ರು.”
ಅವಳ ಮಾತೂ ಸುಳ್ಳಲ್ಲ. ಅದಕ್ಕೇ ಇನ್ನೂ ಹೊಟ್ಟೆ ಉರಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ.

ಜನವರಿ 11, ಶನಿವಾರ, ಬೆಳಗ್ಗೆ
ಕಣದಲ್ಲಿ ಹಣ್ಣು ಹರವುವಾಗ ಹೊಳೆಯಿತು. ಅಯ್ಯೋ ನನ್ನ ಮಂಕುಬುದ್ಧಿಯೇ! ಒಂದು ಮೂಟೆ ಹಣ್ಣು, ಟಾರ್ಪಾಲು ಜೀಪಿಗೆ ಹಾಕಿಸಿದೆ.
“ನಾಯಿಗೆ ಕಾಫಿ ಕುಡುಸ್ತೀಯೇನೇ?” ಯಜಮಾನರು.
“ಸುಮ್ನೆ ಗಾಡಿ ತೆಗೀರಿ.”

ಸಂಜೆ
ಗೆದ್ದೆ! ಗೆದ್ದೆ! ಗೆದ್ದೆ!
ಶೆಲ್ಟರ್ ಅಂಗಳದ ನಡುವೆ ಟಾರ್ಪಾಲು ಹಾಸಿ ಹಣ್ಣು ಹರವಿದೆ. ಆಚೆ ನಾಯಿಗಳು. ಈಚೆ ನಾನು, ಕೈಯಲ್ಲಿ ಅಕ್ಕಿ ರೊಟ್ಟಿ.
“ಒಂದೊಂದಾಗಿ ಬಿಡವ್ವ. ನಮ್ಮೋನು ಕಣದ ಕಾಫಿ ತುಳಿಯಲ್ಲ, ಸುತ್ಕಂಡು ಬತ್ತಾನೆ. ಮರಿ ಇದ್ದಾಗ್ಲೇ ಕಲ್ಸಿದೀನಿ.”
ಮೊದಲ ನಾಯಿ ಹಣ್ಣಿನ ಮೇಲೇ ಓಡಿಬಂತು. ಎರಡನೆಯದು ಅದರಲ್ಲೇ ಹೊರಳಾಡಿತು. ಆಮೇಲೆ ರೈಟರ್. ದಬದಬ ಓಡಿಬಂದ... ಅಂಚಿನಲ್ಲಿ ಗಕ್ಕನೆ ನಿಂತ. ಒಂದು ಕಾಲೆತ್ತಿದ. ಇಟ್ಟೇಬಿಟ್ಟನೋ? ಇಲ್ಲ! ಇಡೀ ಟಾರ್ಪಾಲು ಸುತ್ತಿಕೊಂಡು ಬಂದು ನನ್ನ ಮೈಮೇಲೆ ಹಾರಿದ.
“ಇನ್ನೊಂದ್ಸಲ ಬಿಡ್ಲಾ ಆಂಟಿ?”
“ನೂರು ಸಲ ಬಿಡು!”
ಈ ಸಲ ಕೃತಿಕಾಳೇ ರೊಟ್ಟಿ ಹಿಡಿದು ಕರೆದಳು. ಆಗಲೂ ಸುತ್ತಿಯೇ ಹೋದ. ಹುಡುಗಿ ಕೊನೆಗೂ ನಕ್ಕಳು.
“ಕರ್ಕೊಂಡ್ ಹೋಗಿ. ಮಂಗಳೂರಿನವರಿಗೆ ನಾನೇ ಹೇಳ್ತೀನಿ.”
ಯಜಮಾನರು ಕಣ್ಣೊರೆಸಿಕೊಂಡರು. ಧೂಳು ಬಿತ್ತಂತೆ!

ಜನವರಿ 13, ಸೋಮವಾರ
ಕೆಂಪು ಬೆಲ್ಟ್ ತಂದು ಕಟ್ಟಿದೆ. ಬಿಲ್ಲೆಯ ಮೇಲೆ ನನ್ನ ಹೆಸರು, ಫೋನ್ ನಂಬರ್. ಕುಯ್ಯುವವರು, “ಕೊಂಬೆಗೆ ಸಿಕ್ಕಂತೈತೆ ಕಣಮ್ಮ” ಅಂದರು. ಸಿಕ್ಕಲಿ. ಬಿಡಿಸಲು ನಾನಿಲ್ಲವೇ?
ತೋಟದೊಳಗಿಂದ ಒಂದೇ ಸಮ ಬೊಗಳುತ್ತಿದ್ದಾನೆ. ಸಿಕ್ಕಿಕೊಂಡನೇನೋ... ಬಂದೆ ಕಣೋ ರೈಟರ್, ಬಂ—