ಚೂರಿನೊಳಗಿನ ಚೂರು

ಉಕಯಾಲಿ ಹೊಳೆಯ ದಂಡೆ,
ಸೆಪ್ಟೆಂಬರ್ 14

ನನ್ನ ಹಟಮಾರಿ ರಾನಿನ್‌ಗೆ, ನಿನಗಿಂತ ಒಂದು ಕೈ ಮೇಲಿನ ಹಟಮಾರಿಯಾದ ಅವ್ವನ ಪ್ರೀತಿ.

ಗೆದ್ದೆವು, ಮಗಳೇ. ಊರ ಹಿಂದಿನ ದಿಬ್ಬ ಸಂರಕ್ಷಿತ ಸ್ಥಳವೆಂಬ ಕಾಗದವನ್ನು ನಿನ್ನೆ ಶಾಲೆಯ ಅಂಗಳದಲ್ಲಿ ಓದಿದರು. ತಾಳೆಎಣ್ಣೆ ಕಂಪನಿಯವರು ಇನ್ನು ಅದನ್ನು ನೆಲಸಮ ಮಾಡಿ ದೋಣಿಕಟ್ಟೆ ಕಟ್ಟುವಂತಿಲ್ಲ. ನಾವು ಹೆಂಗಸರೆಲ್ಲ ಮರಗೆಣಸಿನ ಮಸಾತೊ ಕುಡಿದು ಕಾಲು ಸೋಲುವವರೆಗೂ ಕುಣಿದೆವು. ನನ್ನ ಮಂಡಿ ಇವತ್ತು ನನ್ನನ್ನು ಬಯ್ಯುತ್ತಿದೆ.

ಗೆಲುವೇನೂ ಸುಲಭವಾಗಿ ಬರಲಿಲ್ಲ. ಜುಲೈಯಲ್ಲಿ ಲಿಮಾದಿಂದ, ಹಳೆಯ ಸ್ಥಳಗಳನ್ನು ಗುರುತಿಸುವ ಸಮಿತಿಯವರು ಮೂವರು ಬಂದು ಎರಡು ದಿನ ದಿಬ್ಬವನ್ನು ಜಾಲಾಡಿದರು. ಉಗುರಿಗಿಂತ ದೊಡ್ಡ ಮಡಕೆ ಚೂರು ಒಂದೂ ಸಿಗಲಿಲ್ಲ. ಅವರ ಹಿರಿಯರು ಡಾಕ್ಟರ್ ಉರ್ಬಿನಾ. ಬಹಳ ಬೇಜಾರಿನಲ್ಲೇ ನನ್ನೆದುರು ಬಂದು ನಿಂತರು.

"ಹಳೇ ಜಾಗ ಅಂತ ಬರೀಬೇಕು ಅಂದ್ರೆ ಏನಾದ್ರೂ ಕುರುಹು ಬೇಕಲ್ಲಮ್ಮ? ಇಲ್ಲಿ ಬರೀ ಮಣ್ಣಿದೆ."

ಕಂಪನಿಯ ಏಜೆಂಟ್ ಮೀಸೆಯಡಿ ನಗುತ್ತಿದ್ದ. ಚೂರುಗಳು ಎಲ್ಲಿ ಹೋದವೆಂದು ನನಗೆ ಗೊತ್ತಿತ್ತಲ್ಲ! ನಿನಗೂ ಗೊತ್ತು. ಮೂರು ವರ್ಷದ ಹಿಂದೆ ನನ್ನ ಒರಳುಗಲ್ಲಿನ ಪಕ್ಕ ನಿಂತು ನೀನು, "ಅವ್ವ, ನಮ್ಮ ಮುತ್ತಜ್ಜಿಯರನ್ನೇ ಕುಟ್ಟಿ ಪುಡಿ ಮಾಡ್ತಿದೀಯ" ಎಂದಿದ್ದೆ. ದಿಬ್ಬದ ಹಳೆಯ ಚೂರಿನ ಪುಡಿಯನ್ನು ಜೇಡಿಮಣ್ಣಿಗೆ ಬೆರೆಸದಿದ್ದರೆ ಹಸಿಮಡಕೆ ಬೆಂಕಿಯಲ್ಲಿ ಸೀಳುತ್ತದೆ, ನಿನ್ನ ಪುಸ್ತಕದ ಧೂಳು ಬೆರೆಸಲೇನೇ ಎಂದು ನಾನು ಹಂಗಿಸಿದೆ. ಮರುದಿನದ ದೋಣಿಗೇ ನೀನು ಹೊರಟುಹೋದೆ.

ಅದನ್ನೆಲ್ಲ ಡಾಕ್ಟರಿಗೆ ಹೇಳಲು ಬಾಯಿ ತೆರೆದೆ. ಪಕ್ಕದ ಮನೆಯ ಕಸಿಲ್ದಾ ನನ್ನ ತೋಳು ಚಿವುಟಿದಳು. "ಸುಮ್ನಿರೇ, ನಮ್ಮನ್ನೇ ಜೈಲಿಗೆ ಹಾಕ್ತಾರೆ." ಹುಟ್ಟಿದಾಗಿನಿಂದ ಸುಮ್ಮನಿರದವಳು ಆಗ ಸುಮ್ಮನಿರುತ್ತೇನೆಯೇ? ಮನೆಯೊಳಗೆ ಹೋಗಿ, ಮೂಲೆಯಲ್ಲಿದ್ದ ಯಾವುದೋ ಹಳೆಯ ಮಸಾತೊ ಹರವಿಯನ್ನು ಹೊತ್ತು ತಂದು, ಅವರೆದುರೇ ಕುಟ್ಟುವ ಕಲ್ಲಿನಿಂದ ಒಡೆದೆ.

ಒಡೆದ ಅಂಚಿನಲ್ಲಿ ಕೆಂಪು ಕೆಂಪು ಹರಳು, ರೊಟ್ಟಿಯಲ್ಲಿ ಎಳ್ಳಿನಂತೆ. ನಿಮ್ಮ ಕುರುಹು ಇಲ್ಲಿದೆ, ನಾವೇ ಕುಟ್ಟಿ ಬೆರೆಸಿದ್ದು ಎಂದೆ. ಡಾಕ್ಟರ್ ಭೂತಗನ್ನಡಿ ಹಿಡಿದು ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ಏಜೆಂಟ್ ನಗುವುದನ್ನು ಬಿಟ್ಟ.

"ಈ ಚೂರಿನೊಳಗೆ ಇನ್ನೊಂದು ಚೂರಿದೆ," ಎಂದರು ಕೊನೆಗೆ. "ಅದನ್ನ ಮಾಡಿದೋರೂ ಅವರಿಗಿಂತ ಹಳೇದನ್ನ ಕುಟ್ಟಿ ಬೆರೆಸಿದಾರೆ."

ಇದರಲ್ಲಿ ಆಶ್ಚರ್ಯವೇನು? ಅವರಿಗೂ ಮಡಕೆ ಸೀಳಬಾರದಿತ್ತು. ಆದರೂ ನನ್ನ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ.

ನಾವು ಎಂದೂ ಚೂರು ಆರಿಸದ ಜಾಗ ದಿಬ್ಬದಲ್ಲಿ ಇದೆಯೇ ಎಂದು ಅವರು ಕೇಳಿದರು. ಬಾಣಂತಿಯರ ಮಾಸು ಹೂಳುವ ಇಳಿಜಾರಿದೆ, ಅಲ್ಲಿ ಯಾರೂ ಕೈ ಹಾಕುವುದಿಲ್ಲ. ಹೆಂಗಸರು ಕೂತು ಮಾತಾಡಿಕೊಂಡು, ಅದರ ಅಂಚಿನಲ್ಲಿ ಒಂದು ಮೊಳ ಅಗಲ ಅಗೆಯಲು ಒಪ್ಪಿದೆವು. ಎದೆಯಾಳ ಹೋದರೂ ಚೂರುಗಳು ಪದರ ಪದರವಾಗಿ ಬರುತ್ತಲೇ ಇದ್ದವು. ಏಜೆಂಟ್ ಊಟಕ್ಕೂ ನಿಲ್ಲದೆ ದೋಣಿ ಹತ್ತಿದ.

ಕಾಗದದಲ್ಲಿ ಒಂದು ಷರತ್ತಿದೆ. ಇನ್ನು ಮುಂದೆ ದಿಬ್ಬದಿಂದ ಒಂದು ಚೂರೂ ತೆಗೆಯುವಂತಿಲ್ಲ. ಅದಕ್ಕೆ ಒಪ್ಪಿ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟಿನ ಗುರುತು ಒತ್ತಿದವಳು ಕಸಿಲ್ದಾ, ಅದರ ಕೆಳಗೆ ಸಹಿ ಹಾಕಿದವಳು ನಾನು. ಮೂರು ವರ್ಷದ ಹಿಂದೆ ನೀನು ಹೇಳಿದ್ದು ಸರಿ. ಇದನ್ನು ಬರೆಯಲು ಬೆಳಗಿನಿಂದ ಮೂರು ಹಾಳೆ ಹರಿದಿದ್ದೇನೆ, ಆದ್ದರಿಂದ ಎರಡನೆಯ ಸಲ ಹೇಳಿಸಬೇಡ.

ನಿನ್ನ ದಾರಿ ನೋಡುವ
ಅವ್ವ, ಡೆಮೆಟ್ರಿಯಾ

ಕಾಗದ ಮಡಚುವ ಮುನ್ನ ಇನ್ನೊಂದು ಮಾತು: "ಯಾವುದೋ ಹಳೆಯ ಹರವಿ" ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ನೀನು ಹುಟ್ಟಿದಾಗ ನಿನ್ನ ರೆಶಿನ್ ಅಜ್ಜಿ ನಿನಗೆಂದೇ ಮಾಡಿಟ್ಟದ್ದು ಅದು. ನಾನು ಪುಡಿಯನ್ನು ಹಿಟ್ಟಿನಂತೆ ನುಣ್ಣಗೆ ಮಾಡುತ್ತೇನೆ. ಅಜ್ಜಿಯ ಪುಡಿ ದಪ್ಪ, ಕಣ್ಣಿಗೆ ಕಾಣುವಂಥದು. ಅದಕ್ಕೇ ಅದನ್ನು ಒಡೆಯಬೇಕಾಯಿತು. ಅದರ ಚೂರುಗಳನ್ನೆಲ್ಲ ಕುಟ್ಟಿ ಬೆರೆಸಿ ಹೊಸ ಹರವಿ ಮಾಡಿದ್ದೇನೆ. ಮೊನ್ನೆ ಸುಟ್ಟೆ, ಎಲ್ಲೂ ಸೀಳಿಲ್ಲ. ಮೇಲಿನ ಚಿತ್ತಾರ ಬರೆಯದೆ ಬಿಟ್ಟಿದ್ದೇನೆ. ಅದನ್ನು ನೀನೇ ಬಂದು ಬರಿ.