ಸೀಟಿನ ಕೆಳಗಿನ ಹದಿನೇಳು ಕವರು

ಜಡಿಗೇನಹಳ್ಳಿ
9 ಫೆಬ್ರವರಿ 2025

ಅಣ್ಣಾ,

ಪ್ರೀತಿಯ ಅಂತ ಮುಂದೆ ಸೇರಿಸೋಕೆ ಇವತ್ತು ಕೈ ಬರ್ತಿಲ್ಲ. ಹೊಸೂರಲ್ಲಿ ಎಲ್ಲರೂ ಹುಷಾರಾಗಿದೀರಾ? ಅತ್ತಿಗೆ ಮಂಡಿನೋವು ಹೇಗಿದೆ? ನೀನು ಬಿಪಿ ಮಾತ್ರೆ ನುಂಗ್ತಿದೀಯಾ? ಇಲ್ದಿದ್ರೆ ಎದ್ದು ಒಂದು ನುಂಗ್ಬಿಟ್ಟು ಬಂದು ಓದು.

ಹೋದ ಭಾನುವಾರ ತಮ್ಮ ನವೀನ ನಿನ್ನ ಹಳೇ ಲಗೇಜ್ ಆಟೋನ ಮಾರೋಕೆ ಅಂತ ತೊಳೀತಿದ್ದ. ಸೀಟೆತ್ತಿದ್ರೆ ಜಾಕಿ ಪಕ್ಕ ಒಂದು ಗೊಬ್ಬರದ ಚೀಲ, ಅದರೊಳಗೆ ಹದಿನೇಳು ಕವರು. ಅಂಟಿಸಿದ್ದು ಅಂಟಿಸಿದ ಹಾಗೇ ಇದೆ. ಮೇಲೆ ನನ್ನ ಅಕ್ಷರದಲ್ಲಿ ಪತ್ರಿಕೆ ಆಫೀಸಿನ ವಿಳಾಸ. ಒದ್ದೆ ನೆಲದಲ್ಲೇ ಕೂತು ಒಂದೊಂದಾಗಿ ಎಣಿಸಿದೆ.

ನಮ್ಮೂರ ಪೋಸ್ಟಾಫೀಸಲ್ಲಿ ಹಾಕಿದ್ರೆ ಪೋಸ್ಟ್‌ಮಾಸ್ಟರ್ ಪಿಳ್ಳಪ್ಪ ಸಂಜೆಯೊಳಗೆ ಅಪ್ಪನ ಕಿವಿಗೆ ಊದ್ತಾನೆ ಅಂತ ತಾನೇ ನಿನ್ನ ಕೈಗೆ ಕೊಡ್ತಿದ್ದಿದ್ದು? ಕೋಸಿನ ಮೂಟೆ ಜೊತೆ ಹೊಸಕೋಟೆಗೆ ಹೋಗೋನು, ಮಾರ್ಕೆಟ್ ಮುಂದಿನ ಡಬ್ಬಕ್ಕೆ ಹಾಕಿ ಬಾ ಅಂತ. ಕಥೆ ಕೆಳಗೆ ನಿನ್ನ ಫೋನ್ ನಂಬರ್ ಬರೆದಿದ್ದೆ. ಒಂಬತ್ತು ವರ್ಷ! ಸಂಜೆ ನೀನು ಬರೋದನ್ನೇ ಕಾಯೋಳು ನಾನು. "ಯಾರೂ ಫೋನ್ ಮಾಡ್ಲಿಲ್ಲ ಕಣಮ್ಮ" ಅನ್ನೋನು ನೀನು. ಹೆಂಗಯ್ಯಾ ಮಾಡ್ತಾರೆ? ನನ್ನ ಬರವಣಿಗೆ ಯಾರೂ ತಿರುಗಿ ನೋಡದಷ್ಟು ಕಳಪೆ ಅಂತ ಎಷ್ಟು ಸಲ ನೋಟ್‌ಬುಕ್ಕನ್ನ ನೀರೊಲೆ ಹತ್ರ ಒಯ್ದಿದೀನಿ, ಗೊತ್ತಾ ನಿಂಗೆ?

ಅಪ್ಪ ತೀರ್ಕೊಂಡು, ನೀನು ಹೊಸೂರಿಗೆ ಹೋದ ಮೇಲೆ ನಾನೇ ನಡ್ಕೊಂಡು ಹೋಗಿ ಪಿಳ್ಳಪ್ಪನ ಕೈಗೆ ಕೊಟ್ಟೆ. ಒಂದೂವರೆ ತಿಂಗಳಿಗೆ ಕಥೆ ವಾಪಸ್ ಬಂತು, ಜೊತೆಗೆ ಕೆಂಪು ಇಂಕಲ್ಲಿ ಎರಡು ಸಾಲು: ಶುರು ಚೆನ್ನಾಗಿದೆ, ಕೊನೆ ಎಳೆದಾಡಿದೆ. ಬೇಡ ಅಂದಿದ್ದಕ್ಕೆ ಅವತ್ತು ಶಾವಿಗೆ ಪಾಯಸ ಮಾಡಿದ್ದೆ ಅಣ್ಣ. ಹಾಗೆ ಹನ್ನೊಂದು ವಾಪಸ್ ಬಂದು, ಹನ್ನೆರಡನೇದು ಅಚ್ಚಾಯ್ತು. ಆಮೇಲೆ ಬರೆದಿದ್ದೆಲ್ಲ ಸೇರಿ ಈಗ ಒಂದು ಪುಸ್ತಕ ಆಯ್ತು.

ಬಿಡುಗಡೆ ದಿನ ನೀನು ಮೈಕ್ ಕಿತ್ಕೊಂಡು, ನನ್ನ ತಂಗಿ ಕಥೆಗಳನ್ನೆಲ್ಲ ಪೋಸ್ಟ್ ಮಾಡ್ದೋನು ನಾನೇ ಅಂದೆಯಲ್ಲ, ಚಪ್ಪಾಳೆ ತಗೊಂಡೆಯಲ್ಲ, ಥೂ, ನಾಲಿಗೆ ತಡವರಿಸ್ಲಿಲ್ವಾ? ನಾನೂ ಎಂಥ ಪೆದ್ದಿ ನೋಡು. "ನನ್ನ ಕಥೆಗಳನ್ನು ಹೊತ್ತು ನಡೆದ ಅಣ್ಣ ಕೆಂಪರಾಜನಿಗೆ" ಅಂತ ಮೊದಲ ಪುಟದಲ್ಲೇ ಅಚ್ಚು ಹಾಕಿಸಿದೀನಿ. ಒಂದು ಲೆಕ್ಕದಲ್ಲಿ ನಿಜಾನೇ, ಸೀಟಡಿ ಹೊತ್ಕೊಂಡು ಓಡಾಡಿದೀಯ.

ಮೊನ್ನೆ ಫೋನಲ್ಲಿ ಕೇಳಿದ್ರೆ, ಮೊದಲನೇದು ಮರೆತೋಯ್ತು, ಆಮೇಲೆ ಹೇಳೋಕೆ ನಾಚಿಕೆ ಆಯ್ತು, ಹಾಗೇ ಆಗ್ಬಿಡ್ತು ಅಂದೆ. ಅದನ್ನ ಬೇಕಾದ್ರೆ ನಂಬ್ತೀನಿ. ಆದ್ರೆ "ಹೋಗ್ಲಿ ಬಿಡಮ್ಮ, ಈಗ ಬುಕ್ಕು ಬಂತಲ್ಲ" ಅಂದೆ ನೋಡು, ಅದಕ್ಕೇ ಫೋನ್ ಕುಕ್ಕಿದ್ದು. ಏನು ಹೋಗ್ಲಿ? ಒಂಬತ್ತು ವರ್ಷ ನಿಂದಾ ಹೋಗಿದ್ದು?

ಹದಿನಾರು ಕವರು ಒಡೆದು ಓದಿದೆ. ಒಂದೂ ಚೆನ್ನಾಗಿಲ್ಲ. ಖುಷಿ ಪಡ್ಬೇಡ. ಕಳಿಸಿದ್ರೂ ವಾಪಸ್ಸೇ ಬರ್ತಿದ್ದವು. ಆದ್ರೆ ಚೆನ್ನಾಗಿಲ್ಲ ಅಂತ ಒಬ್ಬರು ಹೇಳಿದ್ದಿದ್ರೆ ಎರಡನೇದರಲ್ಲೇ ತಿದ್ಕೋತಿದ್ದೆ. ಅದನ್ನೂ ನನ್ನಿಂದ ಕಿತ್ಕೊಂಡೆ.

ಅತ್ತಿಗೆಗೆ ನಮಸ್ಕಾರ. ನಿನ್ನ ಮಗಳು ಕೀರ್ತನಂಗೆ ಒಂದು ಮುತ್ತು. ನಿಂಗೆ ಇವತ್ತು ಏನೂ ಇಲ್ಲ.

ನಿನ್ನ ತಂಗಿ,
ರೂಪ

ಮರೆತಿದ್ದೆ: ಹದಿನೇಳನೇ ಕವರು ಒಡೆದಿಲ್ಲ, ಇದರ ಜೊತೆ ಇಟ್ಟಿದೀನಿ. ಹಳೇ ಸ್ಟಾಂಪು ಸಾಲಲ್ಲ, ಇನ್ನೊಂದು ಅಂಟಿಸಿ ನೀನೇ ಹೋಗಿ ಡಬ್ಬಕ್ಕೆ ಹಾಕು. ಒಳಗೆ ನಿನ್ನ ನಂಬರೇ ಇದೆ. ಬೇಡ ಅಂತ ಅವರು ನಿಂಗೇ ಫೋನ್ ಮಾಡ್ತಾರೆ. ಆ ಮಾತನ್ನ ನೀನೇ ಮನೆಗೆ ಬಂದು, ನನ್ನ ಮುಖ ನೋಡಿ ಹೇಳು. ಅಲ್ಲೀವರೆಗೂ ಈ ಬಾಗಿಲಿಗೆ ಬರ್ಬೇಡ.